ಕ್ರಿಸ್‌ಮಸ್ ರಜೆಯ ವಿಜ್ಞಾನ ಶಿಬಿರ: ಆರು ವರ್ಷದ ಮಗುವನ್ನು ಕಳಿಸೋದಾ, ಬೇಡವಾ?

ಜಯನಗರದ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಒಂದನೇ ಕ್ಲಾಸು, ಆರು ವರ್ಷ. ಡಿಸೆಂಬರ್ 24ರಿಂದ ಜನವರಿ 1ರವರೆಗೆ ಸ್ಕೂಲಿಗೆ ರಜೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಒಂದು ಪಾಂಪ್ಲೆಟ್ ಬಂದಿದೆ. 4ರಿಂದ 8 ವರ್ಷದ ಮಕ್ಕಳಿಗೆ ಚಳಿಗಾಲದ ವಿಜ್ಞಾನ ಶಿಬಿರ, ಐದು ದಿನ, ದಿನಕ್ಕೆ ಮೂರು ಗಂಟೆ, ಫೀಸು 7,500 ರೂಪಾಯಿ. ರೋಬೋಟಿಕ್ಸ್, ಕೋಡಿಂಗ್, ಜ್ವಾಲಾಮುಖಿ, ಲಿಕ್ವಿಡ್ ನೈಟ್ರೋಜನ್ (ಅತಿ ತಣ್ಣಗಿನ ದ್ರವ ಸಾರಜನಕ) ಶೋ. ಕೊನೆಯ ದಿನ ಬಿಳಿ ಕೋಟು ಹಾಕಿಸಿ, ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆಯುತ್ತಾರಂತೆ.

ಇವಳಿಗೆ ಪ್ರಶ್ನೆ ಜಾಸ್ತಿ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಯಾಕೆ ಗಟ್ಟಿಯಾಗಿದೆ, ಬಾಯಿಂದ ಹೊಗೆ ಯಾಕೆ ಬರುತ್ತೆ, ಆರು ಗಂಟೆಗೇ ಯಾಕೆ ಕತ್ತಲಾಯ್ತು, ಹೀಗೆ. ನಾನು ಓದಿದ್ದು ಕಾಮರ್ಸ್, ಎಲ್ಲದಕ್ಕೂ ಉತ್ತರ ಗೊತ್ತಿಲ್ಲ. ಅದಕ್ಕೇ ಶಿಬಿರಕ್ಕೆ ಹಾಕೋಣ ಅನ್ನಿಸಿತು. ಆದರೆ ಈ ವಯಸ್ಸಿಗೆ ಇದು ಸರಿಯಾ? ಸೇರಿಸುವ ಮೊದಲು ಏನೇನು ಕೇಳಬೇಕು? ಮಕ್ಕಳನ್ನು ಇಂಥ ಕಡೆ ಕಳಿಸಿದವರು ದಯವಿಟ್ಟು ಹೇಳಿ.

ಶ್ರೀನಗರ ಸ್ಟಾಪ್
4 ಮತ್ತು 8 ವರ್ಷದವರು ಒಂದೇ ಬ್ಯಾಚಾ? ಮೊದಲು ಅದನ್ನು ಕೇಳಿ.

ಎರಡು ಮಕ್ಕಳ ಅಪ್ಪ
ಹಿಂದಿನ ವರ್ಷ ಮಗನನ್ನು ಇಂಥದ್ದೇ ಒಂದಕ್ಕೆ ಕಳಿಸಿದ್ದೆ. ಹೆಸರು ಬೇಡ. ಒಂದು ಹಾಲ್‌ನಲ್ಲಿ ಐವತ್ತು ಅರವತ್ತು ಮಕ್ಕಳು. ಮುಂದೆ ಒಬ್ಬರು ಮೈಕ್ ಹಿಡಿದು ಮಾಡಿ ತೋರಿಸುತ್ತಾರೆ, ಮಕ್ಕಳು ಕೂತು ಚಪ್ಪಾಳೆ ತಟ್ಟುತ್ತಾರೆ. ಇವನ ಕೈಗೆ ಸಿಕ್ಕಿದ್ದು ಕೊನೆಗೆ ಒಂದು ಕಿಟ್ ಮಾತ್ರ. ಅದರ ಮೋಟಾರು ಮನೆಗೆ ಬರುವಷ್ಟರಲ್ಲೇ ಕಿತ್ತು ಬಂದಿತ್ತು.

"ಏನು ನೋಡಿದೆ?" ಅಂದರೆ "ಹೊಗೆ ಬಂತು" ಅಂದ. "ಹೊಗೆ ಯಾಕೆ ಬಂತು?" ಅಂದರೆ ಗೊತ್ತಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕಲ್ಲ. ಅವನು ಅಲ್ಲಿ ಕೈ ಎತ್ತಿ ಕೇಳಿದ್ದನಂತೆ, ಟೈಮ್ ಇಲ್ಲ ಅಂದರಂತೆ. ವಿಜ್ಞಾನದ ಶಿಬಿರದಲ್ಲಿ ಪ್ರಶ್ನೆಗೆ ಟೈಮ್ ಇಲ್ಲ ಅಂದರೆ ಇನ್ನೆಲ್ಲಿ ಕೇಳಬೇಕು ಆ ಮಗು?

ವಿಜಯನಗರ ವೀಣಾ
ನನ್ನ ಅನುಭವ ಪೂರ್ತಿ ಬೇರೆ. ಮಗ ನೈಟ್ರೋಜನ್ ಶೋ ನೋಡಿ ಬಂದ. ಆ ತಣ್ಣನೆ ದ್ರವದಲ್ಲಿ ಅದ್ದಿದಾಗ ಊದಿದ ಬಲೂನು ಮುದುಡಿಕೊಂಡಿತು, ಆಚೆ ತೆಗೆದಿಟ್ಟರೆ ತಾನೇ ಮತ್ತೆ ಊದಿಕೊಂಡಿತು. ಅದನ್ನು ಕಂಡ ಮೇಲೆ ಮನೆಯ ಫ್ರಿಜ್‌ನಲ್ಲಿ ಬಲೂನು ಇಟ್ಟು ಇಟ್ಟು ನೋಡುತ್ತಿದ್ದ. "ಸ್ವಲ್ಪ ಸಣ್ಣ ಆಗಿದೆ ಅಮ್ಮಾ" ಅಂತ ದಾರದಲ್ಲಿ ಸುತ್ತಳತೆ ಬೇರೆ ತೆಗೆದ. ಎಲ್ಲ ಶೋನೂ ದಂಡ ಅಂತ ತಳ್ಳಿಹಾಕಬೇಡಿ. ಕೆಲವು ಮಕ್ಕಳಿಗೆ ಬೆರಗೇ ಮೊದಲ ಮೆಟ್ಟಿಲು.

ಎರಡು ಮಕ್ಕಳ ಅಪ್ಪ
@ವೀಣಾ, ನಿಮ್ಮ ಮಗ ಕಲಿತಿದ್ದು ಫ್ರಿಜ್ ಹತ್ತಿರ ಅಲ್ವಾ? ದಾರ ಹಿಡಿದು ಅಳೆದಾಗ. ನಾನು ಹೇಳುವುದೂ ಅದನ್ನೇ.

ವಿಜಯನಗರ ವೀಣಾ
ಶೋ ನೋಡದೆ ಇದ್ದಿದ್ದರೆ ಫ್ರಿಜ್ ಹತ್ತಿರ ಹೋಗುತ್ತಲೇ ಇರಲಿಲ್ಲ. ಎರಡೂ ಬೇಕು.

ಕೆಮಿಸ್ಟ್ರಿ ಲೆಕ್ಚರರ್
ಲಿಕ್ವಿಡ್ ನೈಟ್ರೋಜನ್ ಬಗ್ಗೆ ಒಂದು ಮಾತು. ಅದರ ತಾಪಮಾನ ಮೈನಸ್ 196 ಡಿಗ್ರಿ. ಚರ್ಮಕ್ಕೆ ತಗುಲಿ ನಿಂತರೆ ಸುಟ್ಟಂತೆಯೇ ಗಾಯ. ಅದಕ್ಕಿಂತ ಜನರಿಗೆ ಗೊತ್ತಿಲ್ಲದ ಅಪಾಯ ಇನ್ನೊಂದಿದೆ. ದ್ರವ ಆವಿಯಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಆಮ್ಲಜನಕವನ್ನು ಆಚೆ ತಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಕೇಳಿ: ಶೋ ಎಲ್ಲಿ ನಡೆಯುತ್ತದೆ, ಗಾಳಿ ಆಡುತ್ತದಾ, ಮಾಡುವವರಿಗೆ ತರಬೇತಿ ಇದೆಯಾ, ಕನ್ನಡಕ ಮತ್ತು ಗ್ಲೌಸ್ ಇದೆಯಾ, ಮಕ್ಕಳು ಎಷ್ಟು ದೂರ ಕೂರುತ್ತಾರೆ. ಈ ದ್ರವದಲ್ಲಿ ಅದ್ದಿದ "ಹೊಗೆ ಬಿಸ್ಕತ್ತು" ತಿನ್ನಿಸುತ್ತೇವೆ ಅಂದರೆ ಸೀದಾ ಬೇಡ ಅನ್ನಿ. ದ್ರವ ಉಳಿದಿರುವ ತಿಂಡಿ ಹೊಟ್ಟೆಗೆ ಹೋದರೆ ಜಠರಕ್ಕೇ ತೂತು ಬೀಳಬಹುದು. ಡ್ರೈ ಐಸ್ (ಗಟ್ಟಿ ರೂಪದ ಇಂಗಾಲದ ಡೈಆಕ್ಸೈಡ್) ಕೂಡ ಅಷ್ಟೇ, ಮೈನಸ್ 78 ಡಿಗ್ರಿ. ಅದನ್ನು ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದರೆ ಬಾಟಲಿ ಸಿಡಿಯುತ್ತದೆ. ಪುಟ್ಟ ಮಕ್ಕಳ ಕೈಗೆ ಬೋರಾಕ್ಸ್ (ಬಿಳಿಗಾರ) ಹಾಕಿದ ಸ್ಲೈಮ್ ಅನ್ನುವ ಲೋಳೆ ಆಟಿಕೆ ಕೂಡ ಬೇಡ.

ಮಲ್ಲೇಶ್ವರ 8ನೇ ಕ್ರಾಸ್
ನನ್ನ ಸಿಟ್ಟು ಜ್ವಾಲಾಮುಖಿ ಮೇಲೆ. ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ, ಕೆಂಪು ಬಣ್ಣ ಕಲಸಿ, "ಜ್ವಾಲಾಮುಖಿ ಹೀಗೇ ಉಕ್ಕುತ್ತೆ" ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ಹಾಗೆ ಉಕ್ಕುವುದಿಲ್ಲ! ಅಲ್ಲಿ ಸೋಡಾನೂ ಇಲ್ಲ, ವಿನೆಗರೂ ಇಲ್ಲ. ಕರಗಿದ ಕಲ್ಲು ಇರುತ್ತೆ, ಅದರೊಳಗೆ ಒತ್ತಡದಲ್ಲಿ ಸೇರಿಕೊಂಡ ಅನಿಲ ಇರುತ್ತೆ. ಮಗು ದೊಡ್ಡದಾದ ಮೇಲೆ ಇದನ್ನೆಲ್ಲ ಮರೆಸಿ ಮತ್ತೆ ಕಲಿಸಬೇಕು.

ಪುಟ್ಟಿ ಅಜ್ಜಿ
ಆರು ವರ್ಷದ ಕೂಸಿಗೆ ಇಷ್ಟೆಲ್ಲ ಯಾಕಪ್ಪಾ. ನೊರೆ ಉಕ್ಕಿತು, ನಕ್ಕಿತು. ಸಾಲದೇ?

ಮಲ್ಲೇಶ್ವರ 8ನೇ ಕ್ರಾಸ್
ನಗಲಿ ಅಜ್ಜಿ, ಅದಕ್ಕೆ ಬೇಡ ಅನ್ನಲಿಲ್ಲ. ಆದರೆ ಅದೇ ಸೋಡಾ ಮತ್ತು ನಿಂಬೆರಸವನ್ನು ಬಾಟಲಿಗೆ ಹಾಕಿ, ಬಾಯಿಗೆ ಬಲೂನು ಸಿಕ್ಕಿಸಿದರೆ ಬಲೂನು ಊದಿಕೊಳ್ಳುತ್ತದೆ. ಅಲ್ಲಿ ಏನೋ ಒಂದು ಗಾಳಿ ಹುಟ್ಟಿತು ಅಂತ ಮಗುವಿಗೇ ಕಾಣುತ್ತದೆ. ಸುಳ್ಳೂ ಇಲ್ಲ, ನಗುವೂ ಉಳಿಯಿತು.

ಕೆಮಿಸ್ಟ್ರಿ ಲೆಕ್ಚರರ್
ಹೌದು. ಹುಟ್ಟುವುದು ಇಂಗಾಲದ ಡೈಆಕ್ಸೈಡ್. ಗೋಲಿ ಸೋಡಾದಲ್ಲಿ ಬುಸ್ ಅನ್ನುವುದೂ ಅದೇ, ಇಡ್ಲಿ ಹಿಟ್ಟು ಉಬ್ಬಿಸುವುದೂ ಅದೇ.

ನೈಟ್ ಶಿಫ್ಟ್ ಅಮ್ಮ
ಇಲ್ಲಿ ಎಲ್ಲರೂ "ಮನೆಯಲ್ಲೇ ಮಾಡಿಸಿ" ಅನ್ನುತ್ತಿದ್ದೀರಿ. ಕೇಳಿದವರು ಮೊದಲೇ ಹೇಳಿದ್ದಾರೆ, ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ ಅಂತ. ನಮ್ಮಂಥವರಿಗೆ ರಜಾ ಶಿಬಿರ ಅಂದರೆ ಮೊದಲು ಮಗು ಸುರಕ್ಷಿತವಾಗಿ ಇರುವ ಜಾಗ. ಆಮೇಲೆ ವಿಜ್ಞಾನ. ಅದನ್ನು ಬಾಯಿಬಿಟ್ಟು ಹೇಳಿದರೆ ಏನೋ ತಪ್ಪು ಮಾಡಿದಂತೆ ನೋಡಬೇಡಿ. ದಿನಕ್ಕೆ ಮೂರು ಗಂಟೆ ಶಿಬಿರಕ್ಕೆ 7,500 ಕೊಟ್ಟು, ಉಳಿದ ಹೊತ್ತಿಗೆ ಮಗುವನ್ನು ಎಲ್ಲಿ ಬಿಡಬೇಕು? ನನ್ನ ಪ್ರಶ್ನೆ ಅದು.

ಶ್ರೀನಗರ ಸ್ಟಾಪ್
+1. ಟಾಯ್ಲೆಟ್ ಹೇಗಿದೆ, ಜೊತೆಗೆ ಆಯಾ ಇದ್ದಾರಾ, ಕರೆದುಕೊಂಡು ಹೋಗಲು ಬಂದವರ ಗುರುತು ನೋಡುತ್ತಾರಾ. ಇದೂ ಕೇಳಬೇಕು.

ಹಾವೇರಿ ಮೇಷ್ಟ್ರು
ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ. ನಮ್ಮ ಮಕ್ಕಳಿಗೆ ಈ ಚಳಿಗಾಲದ ರಜೆಯೇ ಇಲ್ಲ. ದಸರೆಗೆ ಒಂದು, ಬೇಸಿಗೆಗೆ ಒಂದು, ಮುಗಿಯಿತು. ಕ್ರಿಸ್‌ಮಸ್‌ಗೆ ಒಂದು ದಿನ. ಆದ್ದರಿಂದ 7,500 ಅನ್ನುವ ಸಂಖ್ಯೆ ನೋಡಿ ಸುಮ್ನೆ ಕೂತೆ.

ಆದರೂ ಒಂದು ವಿಷಯ ಹೇಳಲೇಬೇಕು. 2023ರ ಆರಂಭದಲ್ಲಿ ಸರ್ಕಾರಿ ಶಾಲೆಗಳಲ್ಲಿ ಕಲಿಕಾ ಹಬ್ಬ ನಡೆಯಿತು. ಕಾಗದ ಕತ್ತರಿ, ಮಾಡು ಆಡು, ಊರು ತಿಳಿಯೋಣ ಅಂತ ಬೇರೆ ಬೇರೆ ಮೂಲೆಗಳು. ಅದಕ್ಕೂ ಮುಂಚೆ ಭಾರತ ಜ್ಞಾನ ವಿಜ್ಞಾನ ಸಮಿತಿಯವರು ಮಕ್ಕಳ ವಿಜ್ಞಾನ ಹಬ್ಬಗಳನ್ನು ಊರೂರಲ್ಲಿ ಮಾಡಿದ್ದಾರೆ. ಸಾಮಾನು ಏನು? ಹಳೆ ಪೇಪರು, ಸ್ಟ್ರಾ, ಸೈಕಲ್ ವಾಲ್ವ್ ಟ್ಯೂಬು, ಬೆಂಕಿಕಡ್ಡಿ. ಅರವಿಂದ ಗುಪ್ತಾ ಅವರು ಕಸದಿಂದ ಆಟಿಕೆ ಮಾಡುವುದನ್ನು ದಶಕಗಳಿಂದ ತೋರಿಸುತ್ತಾ ಬಂದಿದ್ದಾರೆ, ಎಲ್ಲ ಉಚಿತವಾಗಿ ಇಂಟರ್ನೆಟ್ಟಿನಲ್ಲಿದೆ. ಸ್ಟ್ರಾ ತುದಿಯನ್ನು ಚಪ್ಪಟೆ ಮಾಡಿ, ಎರಡು ಕಡೆ ಓರೆಯಾಗಿ ಕತ್ತರಿಸಿ ಊದಿದರೆ ಪೀಪಿ. ಊದುತ್ತಾ ಊದುತ್ತಾ ಇನ್ನೊಂದು ತುದಿ ಕತ್ತರಿಸುತ್ತಾ ಹೋದರೆ ಸ್ವರ ಏರುತ್ತಾ ಹೋಗುತ್ತದೆ. ನಮ್ಮ ಒಂದನೇ ತರಗತಿ ಮಕ್ಕಳು ಅದನ್ನು ಮಾಡಿ ಇಡೀ ಶಾಲೆಯ ಕಿವಿ ಕಿತ್ತುಹಾಕಿದ್ದಾರೆ. ಉದ್ದ ಕಮ್ಮಿಯಾದರೆ ಸ್ವರ ಚೂಪು ಅಂತ ನಾನು ಹೇಳಿಕೊಡಲಿಲ್ಲ, ಅವರೇ ನನಗೆ ಹೇಳಿದರು.

ಕೋರಮಂಗಲ ಟೆಕ್ಕಿ
ಮೇಷ್ಟ್ರೇ, ನಿಮ್ಮ ಶಾಲೆಗೆ ಮಕ್ಕಳನ್ನು ಕಳಿಸಬೇಕು ಅನ್ನಿಸುತ್ತಿದೆ.

ನಾನು ಸಾಫ್ಟ್‌ವೇರ್‌ನಲ್ಲಿರುವವನು. ನಾಲ್ಕು ಐದು ವರ್ಷದ ಮಕ್ಕಳಿಗೆ "ಕೋಡಿಂಗ್" ಅಂತ ದುಡ್ಡು ಕೊಡಬೇಡಿ. ಟ್ಯಾಬ್ ಮೇಲೆ ಬಣ್ಣದ ಡಬ್ಬಿ ಎಳೆಯುವುದು ಬಿಟ್ಟರೆ ಬೇರೆ ಏನೂ ಇರುವುದಿಲ್ಲ. "ಮೂರು ಹೆಜ್ಜೆ ಮುಂದೆ, ಬಲಕ್ಕೆ ತಿರುಗು, ಎರಡು ಹೆಜ್ಜೆ" ಅಂತ ಒಬ್ಬರು ಹೇಳಿ ಇನ್ನೊಬ್ಬರು ನಡೆಯುವ ಆಟ ಆಡಿಸಿ. ಅದೇ ಕೋಡಿಂಗ್. ರೋಬೋಟಿಕ್ಸ್ ಕಿಟ್ಟಿನಲ್ಲಿ ನಟ್ಟು ಬೋಲ್ಟು ಬಿಗಿಯುವುದು ಕೈಬೆರಳಿಗೆ ಒಳ್ಳೆಯದು, ಆದರೆ ಅದಕ್ಕೆ ಅಷ್ಟು ದೊಡ್ಡ ಹೆಸರು ಬೇಕಿಲ್ಲ.

ಜಾಣಮರಿ
ದಸರಾ ರಜೆ ಕಡಿತ ಮಾಡಿ ಕ್ರಿಸ್‌ಮಸ್ ರಜೆ ಕೊಡುವ ಸ್ಕೂಲುಗಳ ಬಗ್ಗೆ ಯಾರೂ ಮಾತಾಡಲ್ಲವಲ್ಲ. ಮಗು ಮೈಸೂರಿನ ಅಜ್ಜಿ ಮನೆಗೆ ಹೋಗಬೇಕಾದ್ದು ದಸರೆಗೆ.

ನೈಟ್ ಶಿಫ್ಟ್ ಅಮ್ಮ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಶುರುವಾದರೆ ಮುಗಿಯಲ್ಲ.

ನಿವೃತ್ತ ಫಿಸಿಕ್ಸ್
ಜಯನಗರದ ಅಮ್ಮ ಅವರೇ, ನಿಮ್ಮ ಮಗಳ ಮೂರು ಪ್ರಶ್ನೆಗಳೂ ಚಳಿಗಾಲದ ಪ್ರಶ್ನೆಗಳೇ. ಪಾಂಪ್ಲೆಟ್ಟಿನಲ್ಲಿ ಅವುಗಳಲ್ಲಿ ಒಂದಾದರೂ ಇದೆಯಾ? ಇಲ್ಲ. ಹೆಸರಿಗೆ ಚಳಿಗಾಲದ ಶಿಬಿರ. ಚಳಿಗಾಲದ್ದು ಅದರಲ್ಲಿ ಏನೂ ಇಲ್ಲ. ನನಗೆ ದೊಡ್ಡ ಕೊರತೆ ಅನ್ನಿಸಿದ್ದು ಇದೇ.

ಡಿಸೆಂಬರಿನಲ್ಲಿ ಬೆಂಗಳೂರಿನ ಆಕಾಶವೇ ಒಂದು ಪ್ರಯೋಗಶಾಲೆ. ಒಂದು ಮೀಟರ್ ಉದ್ದದ ಕೋಲನ್ನು ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ ಸುಮಾರು 12 ಗಂಟೆ 20 ನಿಮಿಷಕ್ಕೆ ನೆರಳು ಅತಿ ಗಿಡ್ಡ. ಡಿಸೆಂಬರ್ 21ರಿಂದ ಕ್ರಿಸ್‌ಮಸ್‌ವರೆಗೆ ಆ ನೆರಳು ಸುಮಾರು 74 ಸೆಂ.ಮೀ. ಇರುತ್ತದೆ, ಸರಿಯಾಗಿ ಉತ್ತರಕ್ಕೆ ಬೀಳುತ್ತದೆ. ಬೆಂಗಳೂರಿನಲ್ಲಿ ಇಡೀ ವರ್ಷದಲ್ಲಿ ನಡು ಮಧ್ಯಾಹ್ನದ ನೆರಳು ಇಷ್ಟು ಉದ್ದ ಆಗುವುದು ಆಗ ಮಾತ್ರ. ಅದೇ ಕೋಲಿಗೆ ಏಪ್ರಿಲ್ 24ರ ಹೊತ್ತಿಗೆ ನಡು ಮಧ್ಯಾಹ್ನ ನೆರಳೇ ಇರುವುದಿಲ್ಲ. ಆಗಸ್ಟ್ 18ರ ಹೊತ್ತಿಗೆ ಮತ್ತೊಮ್ಮೆ ಶೂನ್ಯ ನೆರಳು. ಆರು ವರ್ಷದ ಮಗುವಿಗೆ ಕೋನ, ಅಕ್ಷಾಂಶ ಏನೂ ಬೇಡ. ಟೆರೇಸಿನ ಮೇಲೆ ಸೀಮೆಸುಣ್ಣದಲ್ಲಿ ನೆರಳಿನ ತುದಿಗೆ ಗುರುತು ಹಾಕಲಿ. ಮುಂದೆ ತಿಂಗಳಿಗೊಮ್ಮೆ ಹಾಕಲಿ.

ಬೀದರ್ ಬಿದ್ರಿ
ಸರ್, ಬೀದರಿನಲ್ಲಿ ಅದೇ ದಿನ ಎಷ್ಟು ಬರುತ್ತೆ?

ನಿವೃತ್ತ ಫಿಸಿಕ್ಸ್
ಸುಮಾರು 88 ಸೆಂ.ಮೀ. ಬೀದರ್ ಬೆಂಗಳೂರಿನ ನೇರ ಉತ್ತರಕ್ಕಿದೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿ, 77.5 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ನಡು ಮಧ್ಯಾಹ್ನವೂ ಒಂದೇ ಹೊತ್ತಿಗೆ. ಬೀದರಿನ ಮಗು ಮತ್ತು ಬೆಂಗಳೂರಿನ ಮಗು ಫೋನಿನಲ್ಲಿ ಮಾತಾಡುತ್ತಾ ಒಟ್ಟಿಗೆ ಅಳೆಯಬಹುದು. 14 ಸೆಂ.ಮೀ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹೈಸ್ಕೂಲಿನ ಅಣ್ಣನೋ ಅಕ್ಕನೋ ಇದ್ದರೆ ಇದೇ ಅಳತೆಯಿಂದ ಭೂಮಿಯ ಸುತ್ತಳತೆಯನ್ನೂ ತೆಗೆಯಬಹುದು. ಎರಡು ಊರುಗಳ ಬಿಸಿಲಿನ ಕೋನಕ್ಕೆ ಸುಮಾರು 4.9 ಡಿಗ್ರಿ ವ್ಯತ್ಯಾಸ, ನೇರ ದೂರ ಸುಮಾರು 550 ಕಿ.ಮೀ. 4.9 ಡಿಗ್ರಿಗೆ 550 ಆದರೆ ಪೂರ್ತಿ ಸುತ್ತಿನ 360 ಡಿಗ್ರಿಗೆ ಎಷ್ಟು ಅಂತ ಲೆಕ್ಕ ಹಾಕಿದರೆ 40,000 ಕಿ.ಮೀ. ಹತ್ತಿರ ಬರುತ್ತದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಗ್ರೀಕ್ ವಿದ್ವಾಂಸ ಎರಾಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ನಮಗೆ ಕರ್ನಾಟಕದೊಳಗೇ ಎರಡು ಊರು ಸಿಗುತ್ತವೆ. ಯಾವ ಶಿಬಿರದವರೂ ಇದನ್ನು ಮಾಡಿಸುವುದಿಲ್ಲವಲ್ಲ ಅನ್ನುವುದು ನನ್ನ ಬಹಳ ದಿನದ ಕೊರಗು.

ಬೀದರ್ ಬಿದ್ರಿ
ನಮ್ಮ ಅಣ್ಣನ ಮಕ್ಕಳು ಬೆಂಗಳೂರಿನ ಬನಶಂಕರಿಯಲ್ಲಿದ್ದಾರೆ. ಈ ಸಲ ಮಾಡಿಯೇ ಮಾಡುತ್ತೇವೆ. ಬೀದರ್ ಕೋಟೆ ಹತ್ತಿರ ಜಾಗ ಸಪಾಟಾಗಿದೆ.

ಮೆಲ್ಬರ್ನ್ ಕನ್ನಡತಿ
ನಾವೂ ಸೇರಬಹುದಾ? ಇಲ್ಲಿ ಡಿಸೆಂಬರ್ ಅಂದರೆ ಸುಡು ಬೇಸಿಗೆ, ಮಕ್ಕಳಿಗೆ ದೊಡ್ಡ ರಜೆ. ಹಗಲು ಹದಿನಾಲ್ಕೂವರೆ ಗಂಟೆಗಿಂತ ಜಾಸ್ತಿ. ಮಗ ತುಮಕೂರಿನ ಕಸಿನ್ ಜೊತೆ ವಿಡಿಯೋ ಕಾಲಿನಲ್ಲಿದ್ದಾಗ ಅವನ ಸ್ವೆಟರ್ ನೋಡಿ "ಅವನಿಗೆ ಯಾಕೆ ಚಳಿ?" ಅಂತ ಕೇಳಿದ. ನಾನು ಗೋಳ ತಿರುಗಿಸಿ ತೋರಿಸಿದೆ, ಅರ್ಥ ಆಗಲಿಲ್ಲ.

ನಿವೃತ್ತ ಫಿಸಿಕ್ಸ್
ಖಂಡಿತ ಸೇರಿ. ನಿಮ್ಮಲ್ಲಿ ಅದೇ ಕೋಲಿನ ನೆರಳು 26 ಸೆಂ.ಮೀ. ಅಷ್ಟೇ, ಅದೂ ದಕ್ಷಿಣಕ್ಕೆ ಬೀಳುತ್ತದೆ. ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿರುತ್ತೀರಿ, ಹಾಗಾಗಿ ಸುಮಾರು 1 ಗಂಟೆ 20 ನಿಮಿಷಕ್ಕೆ ಅಳೆಯಿರಿ. ಗೋಳ ಆಮೇಲೆ ಬರಲಿ. ಮೊದಲು ಎರಡು ನೆರಳಿನ ಫೋಟೋ ಪಕ್ಕಪಕ್ಕ ಇಡಿ.

ಮಲ್ಲೇಶ್ವರ 8ನೇ ಕ್ರಾಸ್
ಇದೇ ಸಂದರ್ಭದಲ್ಲಿ ಹೇಳಿಬಿಡುತ್ತೇನೆ. "ಚಳಿಗಾಲದಲ್ಲಿ ಸೂರ್ಯ ದೂರ ಹೋಗುತ್ತಾನೆ" ಅಂತ ಎಷ್ಟು ಜನ ಹೇಳಿಕೊಡುತ್ತಾರೆ ಗೊತ್ತಾ? ಉಲ್ಟಾ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ಜುಲೈನಲ್ಲಿ 15.2 ಕೋಟಿ. ಚಳಿ ಬರುವುದು ಭೂಮಿ ವಾಲಿರುವುದರಿಂದ. ಬಿಸಿಲು ಓರೆಯಾಗಿ ಬೀಳುತ್ತೆ, ಹಗಲು ಗಿಡ್ಡ ಆಗುತ್ತೆ.

ಕೋರಮಂಗಲ ಟೆಕ್ಕಿ
ಆದರೆ ಬೆಂಗಳೂರಿನಲ್ಲಿ ಹಗಲು ಅಷ್ಟೇನೂ ಗಿಡ್ಡ ಆಗಲ್ಲ ಅಲ್ವಾ? 11 ಗಂಟೆ 20 ನಿಮಿಷಕ್ಕಿಂತ ಕಮ್ಮಿ ಇಲ್ಲ.

ಮಲ್ಲೇಶ್ವರ 8ನೇ ಕ್ರಾಸ್
ಹೌದು, ನಾವು ಸಮಭಾಜಕಕ್ಕೆ ಹತ್ತಿರ. ಅದಕ್ಕೇ ನಮ್ಮದು ಒಂದು ಸ್ವೆಟರಿನ ಚಳಿ.

ಅಡುಗೆಮನೆ ಸೌಮ್ಯ
ಕೊಬ್ಬರಿ ಎಣ್ಣೆ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ! ಅದು ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬೆಂಗಳೂರು 15–16ಕ್ಕೆ ಇಳಿಯುತ್ತದೆ, ಹಾಗಾಗಿ ಗಟ್ಟಿ. ಸೂರ್ಯಕಾಂತಿ ಎಣ್ಣೆ, ಕಡಲೆಕಾಯಿ ಎಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ ನಾಲ್ಕನ್ನೂ ಸಣ್ಣ ಬಟ್ಟಲಲ್ಲಿ ಹಾಕಿ ಕಿಟಕಿ ಹತ್ತಿರ ಇಡಿ. ಬೆಳಿಗ್ಗೆ ಯಾವುದು ಹೇಗಿದೆ ಅಂತ ಮಗಳೇ ನೋಡಲಿ. ಗಟ್ಟಿ ಕೊಬ್ಬರಿ ಎಣ್ಣೆಯ ಒಂದು ತುಂಡನ್ನು ಕರಗಿದ ಕೊಬ್ಬರಿ ಎಣ್ಣೆಗೆ ಹಾಕಿದರೆ ಮುಳುಗುತ್ತದೆ. ಐಸ್ ತುಂಡು ನೀರಿನಲ್ಲಿ ತೇಲುತ್ತದೆ. ಎರಡನ್ನೂ ಮಾಡಿಸುವ ಮೊದಲು "ಏನಾಗುತ್ತೆ ಹೇಳು" ಅಂತ ಕೇಳಿ. ಈ ವಯಸ್ಸಿನಲ್ಲಿ ಊಹೆ ಮಾಡುವುದೇ ಮುಖ್ಯ.

ಇಡ್ಲಿ ಹಿಟ್ಟೂ ಅಷ್ಟೇ. ಒಂದು ಗಾಜಿನ ಲೋಟ ಒಲೆ ಪಕ್ಕ, ಒಂದು ಬಾಲ್ಕನಿಯಲ್ಲಿ. ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ಬೆಳಿಗ್ಗೆ ಯಾವುದು ಉಬ್ಬಿದೆ ಅಂತ ಕಾಣುತ್ತೆ. ಚಳಿಗೆ ಬ್ಯಾಕ್ಟೀರಿಯಾ ಕೆಲಸ ನಿಧಾನ.

ಬಸವನಗುಡಿ ಬಾಯ್
ಕಡಲೆಕಾಯಿ ಅಂದ ಕೂಡಲೇ ನೆನಪಾಯಿತು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದಾಗ ಗಿಡದ ಸಮೇತ ಇರುವ ಕಾಯಿ ಸಿಕ್ಕರೆ ಮಕ್ಕಳಿಗೆ ತೋರಿಸಿ. ಹಳದಿ ಹೂವು ಬಿಡುವುದು ಮಣ್ಣಿನ ಮೇಲೆ. ಆಮೇಲೆ ಅದರ ಬುಡದಿಂದ ಒಂದು ಕಡ್ಡಿ ಕೆಳಕ್ಕೆ ಇಳಿದು, ಮಣ್ಣಿನೊಳಗೆ ಹೋಗಿ ಕಾಯಾಗುತ್ತದೆ. ಬೇರಿನ ಮೇಲೆ ಸಣ್ಣ ಸಣ್ಣ ಗಂಟು ಇರುತ್ತವೆ, ಅದರಲ್ಲಿ ಗಾಳಿಯ ಸಾರಜನಕ (ನೈಟ್ರೋಜನ್) ಹಿಡಿಯುವ ಬ್ಯಾಕ್ಟೀರಿಯಾ. ನೈಟ್ರೋಜನ್ ಶೋ ಬೇಕಾದರೆ ಇಲ್ಲೇ ಇದೆ!

ಪುಟ್ಟಿ ಅಜ್ಜಿ
ಈಗ ಸರಿಯಾದ ಮಾತು ಬಂತು. ಅವರೆಕಾಯಿ ಸುಲಿಸಿ ಮಕ್ಕಳ ಹತ್ತಿರ. ಹುಳ ಕಂಡರೆ ಕಿರುಚುವ ಮೊದಲು ಅದನ್ನು ನೋಡಲಿ. ಕಾಳು ನೆನೆಸಿ, ಚಿಲುಕಿಸಿ, ಒಳಗೆ ಮೊಳಕೆ ಎಲ್ಲಿದೆ ಅಂತ ಹುಡುಕಲಿ.

ಉತ್ತರಹಳ್ಳಿ
ನನ್ನ ಅನುಭವ ಭಾಷೆಯದ್ದು. ಮನೆಯಲ್ಲಿ ಬರೀ ಕನ್ನಡ. ಶಿಬಿರದಲ್ಲಿ ಪೂರ್ತಿ ಇಂಗ್ಲಿಷ್. ಬಾಯಿ ತುಂಬ ಮಾತಾಡುವ ಹುಡುಗ ಅಲ್ಲಿ ಮೂಲೆಯಲ್ಲಿ ಕೂತಿದ್ದ. ಒಬ್ಬ ಹುಡುಗಿ, ಕಾಲೇಜು ವಿದ್ಯಾರ್ಥಿನಿ ಇರಬೇಕು, ಬಂದು "ಈ ಆಯಸ್ಕಾಂತ ಯಾವುದಕ್ಕೆ ಅಂಟುತ್ತೆ ನೋಡು" ಅಂದಳಂತೆ. ಅಲ್ಲಿಂದ ಇಡೀ ಕೋಣೆಯ ಕುರ್ಚಿ, ಬಾಗಿಲು, ಚಿಲಕ ಎಲ್ಲ ಪರೀಕ್ಷೆ ಮಾಡಿ ಬಂದಿದ್ದಾನೆ. ಮಕ್ಕಳ ಜೊತೆ ಕನ್ನಡದಲ್ಲಿ ಮಾತಾಡುವವರು ಒಬ್ಬರಾದರೂ ಇದ್ದಾರಾ ಅಂತ ಕೇಳಿ.

ಜಯನಗರದ ಅಮ್ಮ
ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಶಿಬಿರದವರಿಗೆ ಫೋನ್ ಮಾಡಿ ನೀವು ಹೇಳಿದ್ದನ್ನೆಲ್ಲ ಕೇಳಿದೆ. 4–5 ಮತ್ತು 6–8 ಬೇರೆ ಬ್ಯಾಚ್ ಅಂದರು. ಒಂದು ಬ್ಯಾಚಿಗೆ 30 ಮಕ್ಕಳು, ಇಬ್ಬರು ಹೇಳಿಕೊಡುವವರು. ನೈಟ್ರೋಜನ್ ಶೋ ಹಾಲ್ ಒಳಗೆ. ಗಾಳಿ ಬಗ್ಗೆ ಕೇಳಿದಾಗ "ಎಸಿ ಇದೆ ಮೇಡಂ" ಅಂದರು.

ಕೆಮಿಸ್ಟ್ರಿ ಲೆಕ್ಚರರ್
ಎಸಿ ಗಾಳಿಯಾಡುವ ವ್ಯವಸ್ಥೆ ಅಲ್ಲ. ಸಾಮಾನ್ಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಶೋ ಅಂಗಳದಲ್ಲಿ ಮಾಡಿ ಅನ್ನಿ. ಇಲ್ಲ ಅಂದರೆ ಆ ದಿನ ಮಗುವನ್ನು ಕಳಿಸಬೇಡಿ.

ಶಿಬಿರದ ಅಕ್ಕ
ನಾನು ಹಿಂದೆ ಇಂಥ ಶಿಬಿರಗಳಲ್ಲಿ ಹೇಳಿಕೊಡುತ್ತಿದ್ದೆ. ಈಗ ಸ್ವಂತ ಸಣ್ಣದಾಗಿ ನಡೆಸುತ್ತೇನೆ. ಪ್ರಚಾರಕ್ಕೆ ಬಂದಿಲ್ಲ, ಹೆಸರು ಹೇಳುವುದಿಲ್ಲ. ಆದರೆ ಒಂದು ಕಡೆಯ ಮಾತು ಮಾತ್ರ ಕೇಳಬೇಡಿ.

ಹತ್ತು ಹನ್ನೆರಡು ಮಕ್ಕಳಿಗೆ ಇಬ್ಬರನ್ನು ಇಟ್ಟುಕೊಂಡು, ಜಾಗದ ಬಾಡಿಗೆ ಕೊಟ್ಟು, ಎಲ್ಲರಿಗೂ ಕೈಗೆ ಸಾಮಾನು ಕೊಟ್ಟು ನಡೆಸಿದರೆ ಫೀಸು ಕಮ್ಮಿ ಮಾಡಲು ಆಗುವುದಿಲ್ಲ. ಸಾಮಾನು ಅಗ್ಗ, ಮನುಷ್ಯರ ಸಮಯ ದುಬಾರಿ. ಇನ್ನು ಪೋಷಕರು. ನಾನು "ಮೊದಲ ದಿನ ನೆರಳು, ಎರಡನೇ ದಿನ ನೀರು, ಮೂರನೇ ದಿನ ಮಣ್ಣು" ಅಂತ ಹಾಕಿದರೆ ಒಬ್ಬರೂ ಸೇರಿಸುವುದಿಲ್ಲ. "ಮಣ್ಣಿನಲ್ಲಿ ಆಡಲು ನಾವು ದುಡ್ಡು ಕೊಡಬೇಕಾ?" ಅನ್ನುತ್ತಾರೆ. ರೋಬೋಟ್ ಅಂತ ಒಂದು ಪದ ಸೇರಿಸಿದರೆ ಸೀಟು ತುಂಬುತ್ತದೆ. ಸರ್ಟಿಫಿಕೇಟ್ ಇಲ್ಲ ಅಂದಾಗ ಜಗಳ ಆಡಿದವರೂ ಇದ್ದಾರೆ.

ಒಂದು ಇಡೀ ಬೆಳಿಗ್ಗೆ ಮಕ್ಕಳು ಬಟ್ಟಲಿನಿಂದ ಬಟ್ಟಲಿಗೆ ನೀರು ಸುರಿಯುತ್ತಾ ಇರುತ್ತಾರೆ. ಉದ್ದ ಲೋಟದಲ್ಲಿ ಜಾಸ್ತಿ ಇದೆಯಾ, ಅಗಲ ಬಟ್ಟಲಲ್ಲಿ ಜಾಸ್ತಿ ಇದೆಯಾ ಅಂತ ಜಗಳ ಆಡುತ್ತಾರೆ. ಐದು ವರ್ಷದವರು ಉದ್ದ ಲೋಟ ಅನ್ನುತ್ತಾರೆ, ಏಳು ವರ್ಷದವರು ಎರಡೂ ಒಂದೇ ಅನ್ನುತ್ತಾರೆ. ಹೊರಗಿನಿಂದ ನೋಡಿದವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ನಡೆಯುವಷ್ಟು ಯೋಚನೆ ಯಾವ ಶೋನಲ್ಲೂ ನಡೆಯುವುದಿಲ್ಲ.

ಎರಡು ಮಕ್ಕಳ ಅಪ್ಪ
ಪೋಷಕರನ್ನು ಯಾಕೆ ದೂರುತ್ತೀರಿ? ನಮಗೆ ಯಾರೂ ಹೀಗೆ ವಿವರಿಸಿ ಹೇಳಲಿಲ್ಲ. ಪಾಂಪ್ಲೆಟ್ಟಿನಲ್ಲಿ ಇದನ್ನೇ ಬರೆಯಿರಿ, ನಾನು ಸೇರಿಸುತ್ತೇನೆ.

ಶಿಬಿರದ ಅಕ್ಕ
ಬರೆಯುತ್ತೇನೆ. ನಿಜವಾಗಿ.

ಹಾವೇರಿ ಮೇಷ್ಟ್ರು
ಅಕ್ಕ, ಬೇಸಿಗೆಯಲ್ಲಿ ಒಮ್ಮೆ ನಮ್ಮ ಕಡೆ ಬನ್ನಿ. ಜಾಗಕ್ಕೆ ಬಾಡಿಗೆ ಇಲ್ಲ, ಮಕ್ಕಳು ಬೇಕಾದಷ್ಟು.

ಕುಡ್ಲದ ಕುವರ
2019ರ ಡಿಸೆಂಬರ್ 26ರ ಸೂರ್ಯಗ್ರಹಣ ಯಾರಿಗೆ ನೆನಪಿದೆ? ಅದೂ ಕ್ರಿಸ್‌ಮಸ್ ರಜೆಯಲ್ಲೇ. ನಮ್ಮ ಮಂಗಳೂರಿನಲ್ಲಿ ಬೆಂಕಿಯ ಬಳೆಯ ಹಾಗೆ ಕಂಡಿತು. ನಮ್ಮ ಬೀದಿಯಲ್ಲಿ ಅರ್ಧ ಜನ ಮಕ್ಕಳನ್ನು ಒಳಗೆ ಕೂಡಿಹಾಕಿದ್ದರು. ಗ್ರಹಣ ಹಿಡಿಯುತ್ತಿದ್ದಾಗ ನಾವು ಅಂಗಳದ ಮರದ ಕೆಳಗೆ ನಿಂತೆವು. ಎಲೆ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ! ಅಂಗಳ ಪೂರ್ತಿ. ಆವತ್ತೇ ಕಲಬುರಗಿ ಕಡೆ ಅಂಗವಿಕಲ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿಯೂ ಬಂತು, ಗುಣವಾಗುತ್ತದೆ ಅಂತ ನಂಬಿ. ಆ ಫೋಟೋ ಇವತ್ತಿಗೂ ಮರೆಯಲು ಆಗುತ್ತಿಲ್ಲ. ಸಣ್ಣ ಮಕ್ಕಳಿಗೆ ವಿಜ್ಞಾನ ಯಾಕೆ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಜಾಣಮರಿ
ನಾವು ಆವತ್ತು ಹಳೆ ಎಕ್ಸ್‌ರೇ ಫಿಲ್ಮ್‌ನಲ್ಲಿ ನೋಡಿದ್ದೆವು. ಚೆನ್ನಾಗಿ ಕಂಡಿತ್ತು.

ನಿವೃತ್ತ ಫಿಸಿಕ್ಸ್
@ಜಾಣಮರಿ, ಮುಂದೆ ಯಾವತ್ತೂ ಹಾಗೆ ಮಾಡಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಎಕ್ಸ್‌ರೇ ಫಿಲ್ಮು, ಕೂಲಿಂಗ್ ಗ್ಲಾಸು, ಮಸಿ ಹಿಡಿಸಿದ ಗಾಜು ಯಾವುದೂ ಸಾಲದು. ಬೆಳಕು ಕಮ್ಮಿ ಅನ್ನಿಸಿದರೂ ಕಣ್ಣಿಗೆ ಕಾಣದ ಕಿರಣ ಒಳಗೆ ಹೋಗುತ್ತದೆ. ಕಣ್ಣೊಳಗಿನ ಪರದೆಗೆ, ಅಂದರೆ ರೆಟಿನಾಗೆ, ನೋವು ಗೊತ್ತಾಗುವುದಿಲ್ಲ, ಸುಟ್ಟ ಮೇಲೆಯೇ ತಿಳಿಯುವುದು. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ಬಿಂಬವನ್ನು ನೆಲದ ಮೇಲೆ ಬೀಳಿಸಿ. ಮಗು ಸೂರ್ಯನಿಗೆ ಬೆನ್ನು ಹಾಕಿ ನಿಂತು ನೋಡಲಿ.

ವಿಜಯನಗರ ವೀಣಾ
ದುಡ್ಡು ಜಾಸ್ತಿ ಬೇಡ ಅನ್ನುವವರು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ. 1962ರಿಂದ ಇದೆ. ಎಲ್ಲ ಮುಟ್ಟಿ, ತಿರುಗಿಸಿ, ಒತ್ತಿ ನೋಡುವ ಯಂತ್ರಗಳು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ. ರಜೆಯಲ್ಲಿ ಜನ ಜಾಸ್ತಿ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಒಂದೇ ದಿನ ಎಲ್ಲ ಮಹಡಿ ಮುಗಿಸಲು ನೋಡಬೇಡಿ.

ಕುಡ್ಲದ ಕುವರ
ಮಂಗಳೂರಿನವರಿಗೆ ಪಿಲಿಕುಳ ಇದೆ. ವಿಜ್ಞಾನ ಕೇಂದ್ರ, ತಾರಾಲಯ ಎರಡೂ ಅಲ್ಲೇ. ಕಲಬುರಗಿ, ಧಾರವಾಡದಲ್ಲೂ ವಿಜ್ಞಾನ ಕೇಂದ್ರಗಳಿವೆ.

ಗದಗಿನ ಗೆಳೆಯ
ನಮ್ಮ ಮಾಗಡಿ ಕೆರೆಯನ್ನು ಮರೆತಿರಲ್ಲ! ಗದಗದಿಂದ ಸುಮಾರು 26 ಕಿ.ಮೀ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಸಾವಿರಗಟ್ಟಲೆ ಬಂದಿರುತ್ತವೆ. ನವೆಂಬರಿನಿಂದ ಮಾರ್ಚ್‌ವರೆಗೆ ಇರುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿಗೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಮಕ್ಕಳು ಬೇಗ ಗುರುತು ಹಿಡಿಯುತ್ತಾರೆ. ಮೇವಿಗೆ ಸುತ್ತಲಿನ ಹೊಲಗಳಿಗೆ ಹೋಗುತ್ತವೆ, ಕೆರೆಗೆ ಬಂದು ವಿಶ್ರಾಂತಿ ಮಾಡುತ್ತವೆ. ಹತ್ತಿರ ಹೋಗಿ ಎಬ್ಬಿಸಬೇಡಿ, ದುರ್ಬೀನು ತನ್ನಿ.

ಮೆಲ್ಬರ್ನ್ ಕನ್ನಡತಿ
ಇಲ್ಲಿಂದ ಓದುತ್ತಾ ಹೊಟ್ಟೆಕಿಚ್ಚಾಗುತ್ತಿದೆ.

ನೈಟ್ ಶಿಫ್ಟ್ ಅಮ್ಮ
ಜಯನಗರ, ಬನಶಂಕರಿ ಸುತ್ತಮುತ್ತ ಇರುವ ನಾಲ್ಕೈದು ಮನೆಯವರು ಸೇರಿ ಒಂದೊಂದು ದಿನ ಒಂದೊಂದು ಮನೆ ಅಂತ ಮಾಡಿದರೆ? ಆ ದಿನಕ್ಕೆ ಒಬ್ಬರು ರಜೆ ಹಾಕಿದರೆ ಸಾಕು. ಉಳಿದವರು ಕೆಲಸಕ್ಕೆ ಹೋಗಬಹುದು. ನೆರಳು, ಎಣ್ಣೆ, ಇಡ್ಲಿ ಹಿಟ್ಟು, ಪೀಪಿ, ನಾಲ್ಕು ದಿನದ ಸಾಮಾನು ಇಲ್ಲೇ ಬಂದಿದೆ. ನಾನು 27ಕ್ಕೆ ರಜೆ ಹಾಕಬಲ್ಲೆ.

ಉತ್ತರಹಳ್ಳಿ
ನಾನು 26.

ಜಯನಗರದ ಅಮ್ಮ
ನಾನು 24. ನೇರ ಮೆಸೇಜ್ ಮಾಡಿ. ನನ್ನ ತಂಗಿಯ ಮಗು ಮೂರೂವರೆ ವರ್ಷದ್ದು, ಅದೂ ಅಕ್ಕನ ಹಿಂದೆ ಬರುತ್ತೆ. ಪರವಾಗಿಲ್ವಾ?

ಕೆಮಿಸ್ಟ್ರಿ ಲೆಕ್ಚರರ್
ಬರಲಿ, ಆದರೆ ಆಯಸ್ಕಾಂತ ಮತ್ತು ಬ್ಯಾಟರಿ ಇರುವ ಆಟ ಅದರ ಮುಂದೆ ಬೇಡ. ಸಣ್ಣ ಶಕ್ತಿಶಾಲಿ ಆಯಸ್ಕಾಂತಗಳು ಒಂದಕ್ಕಿಂತ ಹೆಚ್ಚು ಹೊಟ್ಟೆಗೆ ಹೋದರೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ಅಂಟಿಕೊಳ್ಳುತ್ತವೆ. ಗುಂಡಿ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುತ್ತದೆ. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ, ಎಕ್ಸ್‌ರೇ ತೆಗೆಸಿ. ಶುರುವಿನಲ್ಲಿ ಬ್ಯಾಟರಿ ಎಣಿಸಿ ಕೊಡಿ, ಮುಗಿದ ಮೇಲೆ ಎಣಿಸಿ ವಾಪಸ್ ತಗೊಳ್ಳಿ.

ಉತ್ತರಹಳ್ಳಿ
ಹಾಗಾದರೆ 26ಕ್ಕೆ ನಮ್ಮ ಮನೆಯಲ್ಲಿ ಆಯಸ್ಕಾಂತ ಬಿಟ್ಟು ಪೀಪಿ ಇಟ್ಟುಕೊಳ್ಳುತ್ತೇವೆ. ಕಾಗದದ ಸ್ಟ್ರಾ ಆಗುತ್ತಾ ಮೇಷ್ಟ್ರೇ?

ಹಾವೇರಿ ಮೇಷ್ಟ್ರು
ಕಾಗದದ್ದು ಬಾಯಲ್ಲಿ ಬೇಗ ನೆನೆದು ಮೆತ್ತಗಾಗುತ್ತದೆ. ತೆಳು ಪ್ಲಾಸ್ಟಿಕ್ಕಿನದು ಒಳ್ಳೆಯದು. ಮನೆಯಲ್ಲಿ ಹಳೆಯದು ಉಳಿದಿದ್ದರೆ ತೊಳೆದು ಇಟ್ಟುಕೊಳ್ಳಿ. ಮಗುವಿಗೆ ಒಂದರಂತೆ ಲೆಕ್ಕ ಹಾಕಬೇಡಿ, ಕತ್ತರಿಸಿ ಕತ್ತರಿಸಿ ಮುಗಿಸುತ್ತಾರೆ. ಮೊಂಡು ತುದಿಯ ಕತ್ತರಿ ಕೊಡಿ.